ಸ್ಕ್ರ್ಯಾಚ್‌ನಲ್ಲೇ 1000 ಫ್ಯಾಕ್ಟೋರಿಯಲ್ ಪೂರ್ತಿ ಬಂತು: ನನ್ನ ಅನುಭವ

ಸ್ಕ್ರ್ಯಾಚ್ ಅಂದ್ರೆ ಬ್ಲಾಕ್ ಎಳೆದು ಜೋಡಿಸಿ ಪ್ರೋಗ್ರಾಂ ಮಾಡೋದು, 1000 ಫ್ಯಾಕ್ಟೋರಿಯಲ್ ಅಂದ್ರೆ 1ರಿಂದ 1000ದ ತನಕ ಎಲ್ಲ ಸಂಖ್ಯೆ ಗುಣಿಸಿದ ಉತ್ತರ. ಬ್ಲಾಕ್ ಎಳೆಯೋದ್ರಲ್ಲಿ ಇದೆಲ್ಲ ಆಗಲ್ಲ, ಕೋಡ್ ಟೈಪ್ ಮಾಡೋ ಪೈಥಾನ್‌ಗೆ ಬಾ ಮಾರಾಯ ಅಂದವ್ರೇ ಎಲ್ಲ. ಬಂತು ಸ್ವಾಮಿ, 2568 ಅಂಕಿನೂ ಬಂತು, ಕೊನೇಲಿರೋ 249 ಸೊನ್ನೆ ನನ್ನ ಹತ್ರ ಕಲಿಯೋ ಹುಡುಗರ ಕೈಲೇ ಎಣಿಸಿದೀನಿ.

ಸುಮ್ನೆ ಗುಣಿಸ್ತಾ ಹೋದ್ರೆ 21ರ ಫ್ಯಾಕ್ಟೋರಿಯಲ್ ತನಕ ಮರ್ಯಾದೆಯಾಗಿ ಬರತ್ತೆ, 22ಕ್ಕೆ ಬಾಲದಲ್ಲಿ ಇ+21 (ಅಂದ್ರೆ 10ರ 21ನೇ ಘಾತದಿಂದ ಗುಣಿಸ್ಕೋ) ಅಂತ ಅಂಟ್ಕೊಳತ್ತೆ, 171ಕ್ಕೆ ಇನ್ಫಿನಿಟಿ, ಅಂದ್ರೆ ಮಿತಿನೇ ಮೀರ್ತು. 9007199254740992ಕ್ಕೆ 1 ಕೂಡ್ಸಿ, ಒಂಚೂರೂ ಅಲ್ಲಾಡಲ್ಲ, ಅದರಾಚೆ ಎಲ್ಲ ಅಂಕಿನೂ ಸರಿಯಾಗಿ ನಿಲ್ಲಲ್ಲ.

ಅದಕ್ಕೇ ಸಂಖ್ಯೆನ ವೇರಿಯಬಲ್‌ನಲ್ಲಿ (ಒಂದೇ ಬೆಲೆ ಇಡೋ ಡಬ್ಬಿ) ಇಡೋದೇ ಬಿಟ್ಟು, ತುಂಡು ತುಂಡಾಗಿ ಲಿಸ್ಟ್‌ಗೆ ಹಾಕ್ದೆ. ಮೊದ್ಲು ಒಂದು ಐಟಂಗೆ ಒಂದೇ ಅಂಕಿ, ಸರಿಯಾಗೇ ಬರ್ತಿತ್ತು ಆದ್ರೆ ಆಮೆ. 15 ಅಂಕಿ ಇಟ್ರೆ ಕೂಡೋಕೆ ಓಕೆ, 1000ದಿಂದ ಗುಣಿಸಿದ್ರೆ ಆ ಮಿತಿ ದಾಟಿ ಢಮಾರ್. ಕೊನೆಗೆ 12ಕ್ಕೆ ನಿಂತೆ, 1000ದಿಂದ ಗುಣಿಸಿದ್ರೂ 15 ಅಂಕಿ ಆಸುಪಾಸು, ಒಟ್ಟು 214 ಐಟಂ. ಮುಂದಿನ ಐಟಂಗೆ ಹೋಗೋ ದಶಕ ತೆಗೆಯೋವಾಗ ಮೊದ್ಲು ಮಾಡ್ (ಭಾಗಿಸಿದಾಗ ಉಳಿಯೋ ಶೇಷ) ತಗೊಂಡು, ಅದನ್ನ ಕಳೆದು, ಆಮೇಲೆ ಭಾಗಿಸಿ. ದೊಡ್ಡದನ್ನ ದೊಡ್ಡದ್ರಿಂದ ಗುಣಿಸೋದಾದ್ರೆ ಒಂದು ಐಟಂಗೆ 7 ಅಂಕಿ ಮೇಲೆ ಹೋಗ್ಬೇಡಿ.

ಇಷ್ಟಾದ್ರೂ ಒಂದು ರನ್‌ಗೆ ಗಂಟೆ ಹತ್ರ ಹಿಡೀತು. ಅಂಗಡಿಯವ್ರು ರ‍್ಯಾಮ್ ಸಾಲ್ದು ಅಂದ್ರು, ಎರಡು ಸಾವಿರ ಚಿಲ್ರೆ ಹೋಯ್ತು, ಸ್ಪೀಡ್ ಮಾತ್ರ ಅಷ್ಟೇ. ತಿಂಗಳಿಗೆ ಒಬ್ಬ ಹುಡುಗನಿಂದ ಬರೋದೇ ಎಂಟ್ನೂರು, ಹೊಟ್ಟೆ ಉರೀತು. ಕಳ್ಳ ಇದ್ದಿದ್ದು ಬೇರೆ ಕಡೆ, ಪರದೆ ಮೇಲಿರೋ ಸ್ಕ್ರ್ಯಾಚ್ ಬೆಕ್ಕು ಎಷ್ಟಾಯ್ತು ಅಂತ ಹೇಳ್ಲಿ ಅಂತ ಒಳಗಿನ ಲೂಪ್‌ನಲ್ಲಿ ಸೇ ಬ್ಲಾಕ್ (ಬೆಕ್ಕಿನ ಬಾಯಲ್ಲಿ ಹೇಳಿಸೋದು) ಇಟ್ಟಿದ್ದೆ, ಅದು ಪ್ರತಿ ಸಲ ಪರದೆ ಮತ್ತೆ ಬರೆಸ್ತಿತ್ತು, ಸೆಕೆಂಡಿಗೆ 30 ಸುತ್ತು ಅಷ್ಟೇ. ಅದನ್ನ ಕಿತ್ತು ಹಾಕಿ, ನಾವೇ ಬ್ಲಾಕ್ ಮಾಡ್ಕೊಳೋ ಮೈ ಬ್ಲಾಕ್ಸ್‌ನಲ್ಲಿ ಸ್ಕ್ರೀನ್ ರಿಫ್ರೆಶ್ ಬೇಡ ಅಂತ ಟಿಕ್ ಹೊಡೆದೆ, ಒಂದೆರಡು ಸೆಕೆಂಡಲ್ಲಿ ಮುಗೀತು, ಹಳೇ ಲ್ಯಾಪ್‌ಟಾಪಲ್ಲೇ!

ಕೊನೆಗೆ ಐಟಂಗಳನ್ನೆಲ್ಲ ಒಂದೇ ಸಂಖ್ಯೆಯಾಗಿ ಜೋಡಿಸುವಾಗ 42 ಅಂತ ಇರೋ ಐಟಂ ಮುಂದಿನ ಹತ್ತು ಸೊನ್ನೆ ಮಾಯ ಆಗತ್ತೆ, ಉತ್ತರ ಕುಳ್ಳಗಾಗತ್ತೆ. ಲೂಪೇ ಇಲ್ದೆ ಅದನ್ನ ವಾಪಸ್ ತರೋ ಉಪಾಯ ಒಂದಿದೆ, ಹೇಳಲ್ಲ, ನಮ್ಮ ಬ್ಯಾಚಿನ ಬಂಡವಾಳ ಅದು.

ನಡುವೆ ದಶಾಂಶಕ್ಕೂ ಕೈ ಹಾಕ್ದೆ. 0.1 + 0.2 ಬೆಕ್ಕಿನ ಬಾಯಲ್ಲಿ ಹೇಳ್ಸಿದ್ರೆ 0.30 ಅಂತ ಸಾಚಾ ಥರ ಹೇಳತ್ತೆ, 0.3ಕ್ಕೆ ಸಮಾನಾ ಅಂತ ಕೇಳಿದ್ರೆ ಫಾಲ್ಸ್, ಅಂದ್ರೆ ಅಲ್ಲ ಅನ್ನತ್ತೆ. ಅಂಗಡಿ ಬಿಲ್ ಪ್ರಾಜೆಕ್ಟ್ ಮಾಡೋವ್ರು ರೂಪಾಯಿ ಬಿಟ್ಟು ಎಲ್ಲ ಪೈಸೆಲೇ ಲೆಕ್ಕ ಹಾಕಿ, ತೋರಿಸೋವಾಗ ಮಾತ್ರ 100ರಿಂದ ಭಾಗಿಸಿ. ದೊಡ್ಡ ಸಂಖ್ಯೆಗಳ ಭಾಗಾಕಾರ ಇನ್ನೂ ಕುಂಟ್ತಾ ಇದೆ, ಸದ್ಯಕ್ಕೆ ಭಾಗಿಸೋ ಸಂಖ್ಯೆನ ಮತ್ತೆ ಮತ್ತೆ ಕಳೀತಾ ಕೂತಿದೀನಿ.