ಗ್ಲೋಬ್, ದಾರ, ಗಡಿಯಾರ: ವಿಮಾನದ ದಾರಿ ಮನೆಯಲ್ಲೇ ಅಳೆಯಿರಿ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಮೊಬೈಲ್ ಥಟ್ಟನೆ ಹೇಳಿಬಿಡುತ್ತದೆ, ನಿಜ. ಆದರೂ ಒಮ್ಮೆ ಕೈಯಾರೆ ಲೆಕ್ಕ ಹಾಕಿ ನೋಡಿ. ಟಿಕೆಟ್ ಮೇಲಿನ ಸಮಯ ಯಾಕೆ ಹಾಗಿದೆ ಅನ್ನುವುದು ಆಗ ತಿಳಿಯುತ್ತದೆ.

ಊರಿನಿಂದಲೇ ಶುರು ಮಾಡೋಣ. 2019ರ ನವೆಂಬರ್‌ನಲ್ಲಿ ಶುರುವಾದ ಕಲಬುರಗಿ ನಿಲ್ದಾಣ 17.3 ಡಿಗ್ರಿ ಅಕ್ಷಾಂಶದಲ್ಲಿದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ 13.2ರಲ್ಲಿ. ರೇಖಾಂಶ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಕಳೆದರೆ ಸಾಕು: 4.1 ಡಿಗ್ರಿ. ಡಿಗ್ರಿಗೆ 111 ಕಿ.ಮೀ. ಹಿಡಿದರೆ ಸುಮಾರು 455 ಕಿ.ಮೀ. ಆಯಿತು. ರಸ್ತೆಯಲ್ಲಿ ಹೋದರೆ ಇದಕ್ಕಿಂತ ನೂರು ಕಿ.ಮೀ.ಗೂ ಜಾಸ್ತಿ.

ದೂರದೂರಿಗೆ ಈ ಲೆಕ್ಕ ನಡೆಯುವುದಿಲ್ಲ. ಅದಕ್ಕೆ ಗ್ಲೋಬ್ ಬೇಕು, ಗೋಡೆಯ ನಕ್ಷೆ ಬೇಡವೇ ಬೇಡ. 30 ಸೆಂ.ಮೀ. ವ್ಯಾಸದ್ದಾದರೆ ಒಳ್ಳೆಯದು. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ತನಕ ಎಳೆಯಿರಿ. ಸಡಿಲ ಬಿಡಬೇಡಿ. ಬಿಗಿ ಮಾಡುತ್ತಾ ಹೋದ ಹಾಗೆ ದಾರ ತಾನೇ ಮೇಲಕ್ಕೆ ಜಾರಿ ಉತ್ತರ ಧ್ರುವದ ಹತ್ತಿರ ಹೋಗಿ ಕೂರುತ್ತದೆ. ವಿಚಿತ್ರ, ಅಲ್ವಾ? ನಕ್ಷೆ ನೋಡಿದರೆ ಅರಬ್ಬಿ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ದಾಟಿ ಹೋಗಬೇಕು ಅನ್ನಿಸುತ್ತದೆ. ಆದರೆ 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ವಿಮಾನ ತಂದದ್ದು ಧ್ರುವದ ಮೇಲಿನಿಂದಲೇ.

ದಾರ ಅಳೆದರೆ 33 ಸೆಂ.ಮೀ. ಆಸುಪಾಸು ಬರುತ್ತದೆ. ಗ್ಲೋಬಿನ ಸುತ್ತಳತೆ 94 ಸೆಂ.ಮೀ., ಭೂಮಿಯದು 40,000 ಕಿ.ಮೀ. ಹೀಗಾಗಿ ದಾರದ ಒಂದು ಸೆಂ.ಮೀ.ಗೆ ಸುಮಾರು 425 ಕಿ.ಮೀ. ಗುಣಿಸಿದರೆ 14,000 ಕಿ.ಮೀ. ಸಿಕ್ಕಿತು.

ಇನ್ನು ಸಮಯ. ದೊಡ್ಡ ಜೆಟ್ ವಿಮಾನಕ್ಕೆ ತಾಸಿಗೆ 900 ಕಿ.ಮೀ. ಹಿಡಿಯಿರಿ. ಭಾಗಿಸಿದರೆ ಹದಿನೈದೂವರೆ ತಾಸು. ಏರುವುದಕ್ಕೆ, ಇಳಿಯುವುದಕ್ಕೆ ಅಂತ ಅರ್ಧ ತಾಸು ಸೇರಿಸಿದರೆ 16. ಗಾಳಿ ಮಾತ್ರ ಈ ಲೆಕ್ಕವನ್ನು ಹಿಂದೆಮುಂದೆ ಮಾಡುತ್ತದೆ. ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದೇ ಜಾಸ್ತಿ. ನಮ್ಮ ಭಾಗದಿಂದ ಹೈದರಾಬಾದಿಗೆ ಹೋಗಿ, ಅಲ್ಲಿಂದ ಜೆದ್ದಾ ವಿಮಾನ ಹತ್ತಿ ಉಮ್ರಾ ಮುಗಿಸಿ ಬಂದವರನ್ನು ಕೇಳಿ. ಎರಡೂ ಕಡೆಗೆ ಅದೇ 4,100 ಕಿ.ಮೀ., ಆದರೆ ಬರುವಾಗ ಬೇಗ ಮುಟ್ಟುತ್ತಾರೆ.

ಲೆಕ್ಕ ತಪ್ಪುವುದು ಹೆಚ್ಚಾಗಿ ಗಡಿಯಾರದಲ್ಲಿ. ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಸಮಯ. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ತಾಸು ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಜನವರಿಯಲ್ಲಿ ಮಗಳು ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟಳು ಅಂದುಕೊಳ್ಳಿ. 16 ತಾಸು ಕೂಡಿಸಿ, ಹದಿಮೂರೂವರೆ ಕಳೆಯಿರಿ. ಅದೇ ದಿನ ಸಂಜೆ 4.30ಕ್ಕೆ ಇಳಿಯುತ್ತಾಳೆ! ಆಗ ಕಲಬುರಗಿಯಲ್ಲಿ ಮರುದಿನ ಬೆಳಗಿನ 6. ಇಮಿಗ್ರೇಷನ್ ಸಾಲು, ಲಗೇಜು ಎಲ್ಲ ಮುಗಿಸಿ ಅವಳು ಹೊರಗೆ ಬರುವ ಹೊತ್ತಿಗೆ ಇಲ್ಲಿ ಏಳು ದಾಟಿರುತ್ತದೆ. ಅಲ್ಲಿಯ ತನಕ ಫೋನ್ ಬರಲಿಲ್ಲ ಅಂತ ಸುಮ್ನೆ ಗಾಬರಿ ಆಗಬೇಡಿ.