ಎರಡು ಕೊಪ್ಪ, ಒಂದೇ ಡಿಸ್ಕ್

ಚಿಕ್ಕಮಗಳೂರಲ್ಲಿ ನಮ್ಮದು ಏಳು ಜನರ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಜಾತ್ರೆ ಕರಪತ್ರ, ತೋಟದವರ ಲೆಕ್ಕಪತ್ರ ಎಲ್ಲ ಒಂದೇ ಉಬುಂಟು (ಲಿನಕ್ಸ್) ಸರ್ವರ್‌ನಲ್ಲಿ. ಹೋದ ಮಳೆಗಾಲದಲ್ಲಿ 2 ಟಿಬಿ ಡಿಸ್ಕ್ ತುಂಬಿಹೋಯಿತು. ಸುಮ್ನೆ ಇನ್ನೊಂದು ಡಿಸ್ಕ್ ತಗೊಳ್ಳಿ, ಕನ್ನಡ ಹೆಸರಿನ ಫೈಲ್‌ಗಳ ಸಹವಾಸಕ್ಕೆ ಹೋಗಬೇಡಿ ಅಂತ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ಏಳೆಂಟು ತಿಂಗಳಾಯಿತು, ಅದೇ ಡಿಸ್ಕ್ ಇನ್ನೂ ಓಡುತ್ತಿದೆ.

ಮೊದಲು ಕೋಟಾದಲ್ಲೇ, ಅಂದರೆ ಒಬ್ಬೊಬ್ಬರಿಗೆ ಇಷ್ಟೇ ಜಾಗ ಅನ್ನುವ ಮಿತಿಯಲ್ಲೇ, ಕೈ ಸುಟ್ಟುಕೊಂಡೆ. ತಲೆಗೆ 180 ಜಿಬಿ ಹಾರ್ಡ್ ಲಿಮಿಟ್ (ದಾಟಲಾಗದ ಮಿತಿ) ಹಾಕಿ, ಸಾಫ್ಟ್ ಲಿಮಿಟ್ (ಸ್ವಲ್ಪ ದಿನ ದಾಟಬಹುದಾದ ಮಿತಿ) ಹಾಕದೆ ಬಿಟ್ಟಿದ್ದೆ. ಒಂದು ಸಂಜೆ ನಮ್ಮ ಹುಡುಗಿ ಮದುವೆ ಕಾರ್ಡ್ ಸೇವ್ ಮಾಡುವಾಗ ಮಿತಿ ಮುಟ್ಟಿತು. ಫೈಲ್ ಸೊನ್ನೆ ಬೈಟ್ ಆಗಿ ಕೂತಿತು. ರಾತ್ರಿ ಕೂತು ಮತ್ತೆ ಟೈಪ್ ಮಾಡಿದೆವು, ಅವಸರದಲ್ಲಿ ಮುಹೂರ್ತದ ಸಮಯ ತಪ್ಪಾಗಿ ಅಚ್ಚಾಯಿತು. 400 ಕಾರ್ಡ್ ಮತ್ತೆ ಅಚ್ಚು ಹಾಕಿಸಿದ್ದಕ್ಕೆ ಹತ್ತಿರ ಹತ್ತಿರ ಆರೂವರೆ ಸಾವಿರ ಹೋಯಿತು. ಈಗ ಸಾಫ್ಟ್ 150, ಹಾರ್ಡ್ 180, ಗ್ರೇಸ್ ಅಂದರೆ ರಿಯಾಯಿತಿ 7 ದಿನ. ಬೆಳಿಗ್ಗೆ ಯಾರು ಎಷ್ಟು ಬಳಸಿದ್ದಾರೆ ಅಂತ ತೋರಿಸುವ ರೆಪ್‌ಕೋಟಾ ನೋಡಿ, ಸಾಫ್ಟ್ ದಾಟಿದವರಿಗೆ ವಾಟ್ಸಾಪ್ ಮಾಡುತ್ತೇನೆ.

ಆದರೆ ಇಷ್ಟೊಂದು ಜಾಗ ತಿನ್ನುತ್ತಿದ್ದದ್ದು ಯಾವುದು? ಫೈಲ್ ಹೆಸರುಗಳಲ್ಲಿ ಕಸ (ಕಣ್ಣಿಗೆ ಕಾಣದ ಕೋಡ್, ಬೇಡದ ಚಿಹ್ನೆ) ಇತ್ತು, ಹುಡುಕುವ ಮೊದಲು ಅದನ್ನು ತೆಗೆಯೋಣ ಅಂತ ಪೈಥಾನ್‌ನಲ್ಲಿ ಎಲ್ಲರೂ ಬರೆಯುವ ಸಾಲನ್ನೇ ಬರೆದೆ: ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ (ಅಕ್ಷರ, ಅಂಕಿ, ಅಡಿಗೆರೆ) ಅಲ್ಲದ್ದನ್ನೆಲ್ಲ ಅಳಿಸು. ಅದಕ್ಕೆ ನಮ್ಮ ಗುಡಿಸು, ಕೊಂಬು, ಏತ್ವ ಯಾವುದೂ ಅಕ್ಷರವೇ ಅಲ್ಲ. 'ಕಾಫಿ' ಹೋಗಿ 'ಕಫ' ಆಯಿತು. 'ಚಿಕ್ಕಮಗಳೂರು' ಹೋಗಿ 'ಚಕಕಮಗಳರ'. ಅದಕ್ಕಿಂತ ಕೆಟ್ಟದ್ದು ಬೇರೆ ಇತ್ತು. 'ಕರೆ', 'ಕೆರೆ' ಎರಡೂ 'ಕರ' ಆದವು, ಒಂದರ ಮೇಲೆ ಇನ್ನೊಂದು ಕೂತು ಮೊದಲಿನದು ಅಳಿಸಿಹೋಯಿತು. ಸುಮಾರು ಮೂರು ಸಾವಿರ ಫೈಲ್. ಬ್ಯಾಕಪ್ ಇತ್ತು, ಎರಡು ದಿನದಲ್ಲಿ ವಾಪಸ್ ತಂದೆ.

ಆ ಎರಡು ದಿನದಲ್ಲೇ ಕಳ್ಳ ಸಿಕ್ಕಿದ. ನಮ್ಮ ಫೋಲ್ಡರ್‌ಗಳಿಗೆ ತಾಲ್ಲೂಕಿನ ಹೆಸರು. ಕೊಪ್ಪ ಎರಡಿತ್ತು, ತರೀಕೆರೆ ಎರಡು, ಶೃಂಗೇರಿ ಎರಡು. ಮೂಡಿಗೆರೆ, ಕಡೂರು ಮಾತ್ರ ಒಂದೊಂದೇ. ಹೆಕ್ಸ್‌ನಲ್ಲಿ, ಅಂದರೆ ಅಕ್ಷರಗಳ ಹಿಂದಿನ ಕೋಡ್ ಸಂಖ್ಯೆಗಳಲ್ಲಿ, ತೆಗೆದು ನೋಡಿದೆ. ಒಂದು ಕೊಪ್ಪದಲ್ಲಿ ಓತ್ವ ಒಂದೇ ಕೋಡ್. ಇನ್ನೊಂದರಲ್ಲಿ ಏತ್ವ, ಆಮೇಲೆ ಕೊಂಬಿನ ಇಳಿ, ಹೀಗೆ ಎರಡು ಕೋಡ್. ಕಣ್ಣಿಗೆ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ತರೀಕೆರೆಯ ಗುಡಿಸಿನ ದೀರ್ಘ, ಶೃಂಗೇರಿಯ ಏತ್ವದ ದೀರ್ಘವೂ ಹೀಗೇ ಒಡೆಯುತ್ತವೆ. ಮೂಡಿಗೆರೆಯಲ್ಲಿ ಒಡೆಯುವಂಥದ್ದೇನೂ ಇಲ್ಲ. ಡಿಸೈನರ್ ಹತ್ತಿರ ಇದ್ದ ಹಳೆ ಮ್ಯಾಕ್ ಹೆಸರುಗಳನ್ನು ಒಡೆದು ಇಡುತ್ತಿತ್ತು. ಅಲ್ಲಿಂದ ಆರ್‌ಸಿಂಕ್ (ಫೈಲ್ ನಕಲು) ಮಾಡಿದಾಗ ಇಡೀ ಕೊಪ್ಪ ಇನ್ನೊಂದು ಸಲ ಬಂದು ಕೂತಿತ್ತು. ಯಾರ ಕಣ್ಣಿಗೂ ಬಿದ್ದಿರಲಿಲ್ಲ, ನನಗೇ ಸಿಕ್ಕಿದ್ದು!

ಈಗಿನ ಕ್ರಮ ಇಷ್ಟೇ. ಮೊದಲು ಎಲ್ಲವನ್ನೂ ಎನ್‌ಎಫ್‌ಸಿಗೆ, ಅಂದರೆ ಒಡೆದದ್ದನ್ನು ಒಂದೇ ಕೋಡ್‌ಗೆ ಕೂಡಿಸಿದ ರೂಪಕ್ಕೆ, ತರುವುದು. ಕಾನ್ವ್‌ಎಂವಿ (ಫೈಲ್ ಹೆಸರು ಬದಲಿಸುವ ಆಜ್ಞೆ) ಸಾಕು, ನೋಟೆಸ್ಟ್ ಅನ್ನುವ ಆಯ್ಕೆ ಕೊಡುವ ತನಕ ಅದು ಏನನ್ನೂ ಮುಟ್ಟುವುದಿಲ್ಲ, ಪಟ್ಟಿ ನೋಡಿಯೇ ಮುಂದೆ ಹೋಗಿ. ಆಮೇಲೆ ಬೇಡದ್ದನ್ನು ಹೆಸರು ಹಿಡಿದು ತೆಗೆಯುವುದು: ಕಣ್ಣಿಗೆ ಕಾಣದ ಬಿಒಎಂ, ಜೀರೋ ವಿಡ್ತ್ ಸ್ಪೇಸ್, ವಿಂಡೋಸ್ ಒಪ್ಪದ ಕೋಲನ್, ಪ್ರಶ್ನೆ ಚಿಹ್ನೆ. ಒಡೆಯದ ಸ್ಪೇಸ್ (ಸಾಲು ಮುರಿಯಲು ಬಿಡದ ಖಾಲಿ ಜಾಗ) ಇದ್ದರೆ ಮಾಮೂಲಿ ಸ್ಪೇಸ್ ಹಾಕುವುದು. ಅಕ್ಷರ ಕೂಡಿಸುವ, ಬಿಡಿಸುವ ಕಾಣದ ಕೋಡ್‌ಗಳಾದ ಜಾಯಿನರ್, ನಾನ್‌ಜಾಯಿನರ್ ಎರಡನ್ನೂ ದಯವಿಟ್ಟು ಮುಟ್ಟಬೇಡಿ. 'ರ‍್ಯಾಲಿ', 'ಸಾಫ್ಟ್‌ವೇರ್' ಕೆಡುತ್ತವೆ. ಹೆಸರೆಲ್ಲ ಇಂಗ್ಲಿಷ್ ಮಾಡಿಯೂ ನೋಡಿದ್ದೆ. ನಮ್ಮ ಹುಡುಗರಿಗೆ ಫೈಲ್ ಹುಡುಕುವುದೇ ಕಷ್ಟವಾಯಿತು, ಬಿಟ್ಟೆ. ಕನ್ನಡದ ಒಂದು ಕೋಡ್‌ಗೆ 3 ಬೈಟ್, ಹೆಸರಿಗೆ 255 ಬೈಟ್ ಮಿತಿ. ಅಂದರೆ ಮಾತ್ರೆ, ಒತ್ತು ಎಲ್ಲ ಎಣಿಸಿ 85. ಗಂಡು ಹೆಣ್ಣು ಇಬ್ಬರ ಮನೆತನದ ಹೆಸರನ್ನೂ ಫೈಲಿಗೆ ಇಡುವವರು ಇದನ್ನು ನೆನಪಿಡಿ.

ಎರಡು ಕೊಪ್ಪಗಳನ್ನು, ಫೈಲಿನ ಒಳಗಿನದು ಒಂದೇನಾ ಅಂತ ಹೇಳುವ ಚೆಕ್‌ಸಮ್ ನೋಡಿ ಸೇರಿಸಿದೆ. ಒಂದೇ ಹೆಸರು, ಒಳಗೆ ಬೇರೆ ಅಂತ ಇದ್ದವನ್ನು ಬಿಡಿಸಿದ ನಾಲ್ಕು ಸಾಲಿನ ಪ್ರೋಗ್ರಾಂ ಮಾತ್ರ ನನ್ನ ಹತ್ತಿರವೇ ಇರಲಿ. ಸುಮಾರು 340 ಜಿಬಿ ಖಾಲಿಯಾಯಿತು. ಮೊದಲ ಸಲ ರೂಟ್ (ಸರ್ವರ್‌ನ ಮುಖ್ಯ ಖಾತೆ) ಆಗಿ ಕಾಪಿ ಮಾಡಿದ್ದರಿಂದ ಫೈಲ್‌ಗಳೆಲ್ಲ ರೂಟ್ ಹೆಸರಿಗೆ ಹೋಗಿ, ಎಲ್ಲರ ಕೋಟಾ ದಿಢೀರ್ ಅಂತ ಇಳಿಯಿತು. ಕೋಟಾ ನೋಡುವುದು ಫೋಲ್ಡರ್ ಅಲ್ಲ, ಮಾಲೀಕರನ್ನು ಅಲ್ವಾ? ಚೌನ್ ಆಜ್ಞೆಯಿಂದ ಮಾಲೀಕರನ್ನು ಸರಿಮಾಡಿದ ಮೇಲೆ ಲೆಕ್ಕ ಸರಿಹೋಯಿತು. ಡಿಸ್ಕ್ ತಗೊಳ್ಳಿ ಅಂದಿದ್ದವರಲ್ಲಿ ಇಬ್ಬರು ತಮ್ಮ ಅಂಗಡಿಗೂ ಮಾಡಿಕೊಡಿ ಅಂತ ಬಂದರು. ತಲಾ 1,500 ತಗೊಂಡು ಮಾಡಿಕೊಟ್ಟೆ. ಒಬ್ಬರ ಹತ್ತಿರ ಮೂರು ಶೃಂಗೇರಿ ಇತ್ತು.