ಮನೆಯಲ್ಲೇ ಮಾಡಿದ ಸರ್ಫ್‌ಬೋರ್ಡಿನ ಫಿನಿಶಿಂಗ್: ನಮ್ಮ ಕರಾವಳಿ ಹವೆಯಲ್ಲಿ ನಾನು ಮಾಡುವ ರೀತಿ

ಶೇಪಿಂಗ್, ಅಂದ್ರೆ ಬೋರ್ಡಿಗೆ ಆಕಾರ ಕೊಡುವ ಕೆಲಸದ ಬಗ್ಗೆ ಇಲ್ಲಿ ಬರೆಯುದಿಲ್ಲ, ಗ್ಲಾಸ್ ಬಟ್ಟೆ ಕೂರಿಸಿ ಆದ ಮೇಲೆ ಎಂತ ಮಾಡುದು ಅಂತ ಮಾತ್ರ. ನನ್ನದು ಒಂಬತ್ತಡಿಯ ಲಾಂಗ್‌ಬೋರ್ಡ್. ಒಳಗೆ ಥರ್ಮೋಕೋಲ್, ಅಂದ್ರೆ ಟಿವಿ ಡಬ್ಬಿಯಲ್ಲಿ ಬರುವ ಪುಡಿಪುಡಿ ಮಾಲಲ್ಲ, ಕೋಲ್ಡ್ ಸ್ಟೋರೇಜ್ ಗೋಡೆಗೆ ಹಾಕುವ ಗಟ್ಟಿ ಶೀಟು, ಕ್ಯೂಬಿಕ್ ಮೀಟರಿಗೆ 20-24 ಕೆಜಿ ಬರುವಂಥದ್ದು. ನಡುವೆ ಒಂದು ಮರದ ಪಟ್ಟಿ, ಮೇಲೆ 200 ಜಿಎಸ್ಎಂ (ಚದರ ಮೀಟರಿಗೆ 200 ಗ್ರಾಂ) ಗ್ಲಾಸ್ ಬಟ್ಟೆ, ಡೆಕ್ಕಿಗೆ ಅಂದ್ರೆ ನಾವು ನಿಲ್ಲುವ ಮೇಲ್ಬದಿಗೆ ಎರಡು ಲೇಯರು, ಕೆಳಬದಿಗೆ ಒಂದು, ಎಲ್ಲ ಎಪಾಕ್ಸಿಯಲ್ಲಿ, ಅಂದ್ರೆ ಹಾರ್ಡನರ್ ಕಲಸಿದ್ರೆ ಗಟ್ಟಿಯಾಗುವ ರೆಸಿನಿನಲ್ಲಿ.

ಎಪಾಕ್ಸಿಯೇ ಯಾಕೆ ಅಂದ್ರೆ ಥರ್ಮೋಕೋಲಿಗೆ ಬೇರೆ ದಾರಿ ಇಲ್ಲ. ನಮ್ಮ ಮೂಲ್ಕಿ, ಹೆಜಮಾಡಿ ಕಡೆ ದೋಣಿಗೆ ಫೈಬರ್ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಅವರಲ್ಲಿ ಹೋದ್ರೆ "ಎಂತ ಮಾರಾಯ, ದೋಣಿಗೆ ಹಾಕುದನ್ನೇ ಹಾಕು, ಅಷ್ಟು ದುಡ್ಡು ಯಾಕೆ ಸುರಿಯುದು" ಅಂತಾರೆ. ದೋಣಿಗೆ ಹಾಕುದು ಪಾಲಿಯೆಸ್ಟರ್ ರೆಸಿನ್, ಅದರಲ್ಲಿ ಸ್ಟೈರೀನ್ ಉಂಟು, ಒಂದು ತುಂಡು ಥರ್ಮೋಕೋಲ್ ಮೇಲೆ ನಾಲ್ಕು ಹನಿ ಬಿಟ್ಟು ನೋಡಿ, ಕಣ್ಣೆದುರೇ ಕರಗಿ ಗುಂಡಿ ಆಗ್ತದೆ. ಅವರ ಮ್ಯಾಟ್, ಅಂದ್ರೆ ನೇಯದೆ ಅಂಟಿಸಿದ ಗ್ಲಾಸ್ ನಾರಿನ ಹಾಸು, ಅದು ಸಹ ಬೇಡ, ಅದರ ನಾರನ್ನು ಹಿಡಿದಿಟ್ಟ ಅಂಟು ಸ್ಟೈರೀನಿನಲ್ಲಿ ಕರಗ್ಲಿಕ್ಕೆ ಅಂತಲೇ ಇರುದು, ಎಪಾಕ್ಸಿಯಲ್ಲಿ ಸರಿಯಾಗಿ ನೆನೆಯುದಿಲ್ಲ. ನೇಯ್ದ ಬಟ್ಟೆಯೇ ತೆಗೊಳ್ಳಿ. ಆದ್ರೆ ಸ್ಯಾಂಡ್ ಮಾಡುವ ಕೈ ನೋಡಿ ಕಲೀಲಿಕ್ಕೆ ಅವರಷ್ಟು ಒಳ್ಳೆ ಮೇಷ್ಟ್ರು ಬೇರೆ ಸಿಗುದಿಲ್ಲ, ಅದು ಬೇರೆ ಮಾತು.

ಈಗ ನಮ್ಮ ಊರಿನ ದೊಡ್ಡ ತಲೆನೋವು: ಹವೆ. ಜೂನ್ ಜುಲೈ ಟ್ರಾಲ್ ಬೋಟು ಸಹ ಬಂದ್ ಇರ್ತದೆ, ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ಕೈ ಖಾಲಿ, ಹಾಗಾಗಿ ಎಲ್ಲರಿಗೂ ಈ ಮಳೆಗಾಲದಲ್ಲೇ ಬೋರ್ಡ್ ಮಾಡುವ ಹುಮ್ಮಸ್ಸು ಬರುದು. ಶೇಪ್ ಮಾಡಿ ಬೇಕಾದ್ರೆ, ರೆಸಿನ್ ಡಬ್ಬಿ ಮಾತ್ರ ತೆರೀಬೇಡಿ. ಎಪಾಕ್ಸಿಯ ಹಾರ್ಡನರಿನಲ್ಲಿ ಅಮೀನ್ ಇರ್ತದೆ, ಅದು ಗಾಳಿಯ ತೇವ ಮತ್ತೆ ಕಾರ್ಬನ್ ಡೈ ಆಕ್ಸೈಡ್ ಜೊತೆ ಸೇರಿ ಮೇಲೆ ಒಂದು ತೆಳು ಜಿಡ್ಡಿನ ಪದರ ಕಟ್ತದೆ, ಬ್ಲಶ್ ಅಂತಾರೆ. ಕಣ್ಣಿಗೆ ಸ್ವಲ್ಪ ಮಂಕು ಕಾಣ್ತದೆ ಅಷ್ಟೆ, ಬೆರಳಿಗೆ ಮೇಣ ಸವರಿದ ಹಾಗೆ ಜಾರ್ತದೆ, ಸ್ಯಾಂಡ್ ಪೇಪರ್ ಹಾಕಿದ್ರೆ ಪುಡಿ ಬರುವ ಬದಲು ಸಣ್ಣ ಸಣ್ಣ ಅಂಟು ಉಂಡೆ ಕಟ್ಟಿ ಪೇಪರ್ ಎರಡೇ ನಿಮಿಷದಲ್ಲಿ ಕೆಲಸಕ್ಕೆ ಬಾರದ್ದಾಗ್ತದೆ. ಹೆಚ್ಚಿನವರು ಥಿನ್ನರ್ ಬಟ್ಟೆ ಹಿಡಿದು ಒರೆಸ್ತಾರೆ, ಅದರಿಂದ ಜಿಡ್ಡು ಇಲ್ಲಿಂದ ಅಲ್ಲಿಗೆ ಹೋಗ್ತದೆ ಬಿಟ್ರೆ ಬೋರ್ಡ್ ಬಿಟ್ಟು ಹೋಗುದಿಲ್ಲ. ಬ್ಲಶ್ ನೀರಿನಲ್ಲಿ ಕರಗುವಂಥದ್ದು, ಉಗುರುಬೆಚ್ಚಗಿನ ನೀರು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರು, ಆಮೇಲೆ ಒಣ ಬಟ್ಟೆ, ಇಷ್ಟು ಸಾಕು. ಸ್ಯಾಂಡಿಂಗಿನ ಮೊದಲು ತೊಳೆಯುದು, ನಂತರ ಅಲ್ಲ, ಇಲ್ಲಾಂದ್ರೆ ಆ ಜಿಡ್ಡನ್ನೇ ಗೀರುಗಳ ಒಳಗೆ ತುಂಬಿಸಿದ ಹಾಗಾಗ್ತದೆ.

ಹಾಗಾಗಿ ನಾನು ರೆಸಿನ್ ಕೆಲಸ ಇಡುದು ಡಿಸೆಂಬರ್ ಜನವರಿಗೆ. ಅದೂ ಸಂಜೆ ಶುರು ಮಾಡ್ತೇನೆ. ಬೆಳಿಗ್ಗೆ ಮಾಡಿದ್ರೆ ದಿನ ಏರಿದ ಹಾಗೆ ಥರ್ಮೋಕೋಲ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗಿ ಹಸಿ ರೆಸಿನ್ ತೂರಿಕೊಂಡು ಹೊರಗೆ ಬರ್ತದೆ, ಒಂದೊಂದು ಗುಳ್ಳೆಗೂ ಒಂದೊಂದು ಸೂಜಿ ತೂತು. ಸಂಜೆ ಬಿಸಿ ಇಳಿಯುವ ಹೊತ್ತಿಗೆ ಅದೇ ಗಾಳಿ ಒಳಗೆ ಎಳೆದುಕೊಳ್ತದೆ, ರೆಸಿನ್ ಸಹ ಬಟ್ಟೆಗೆ ಚೆನ್ನಾಗಿ ಕೂರ್ತದೆ.

ಲ್ಯಾಮಿನೇಟ್, ಅಂದ್ರೆ ರೆಸಿನಿನಲ್ಲಿ ಕೂರಿಸಿದ ಬಟ್ಟೆ, ಅದರ ಮೇಲೆ ಹಾಕುವ ಫಿಲ್ ಕೋಟ್ ಅಂದ್ರೆ ನೇಯ್ಗೆಯ ಕಣ್ಣು ಮುಚ್ಚುವ ರೆಸಿನ್. ನನ್ನ ಬೋರ್ಡಿಗೆ ಒಂದು ಬದಿಗೆ ಸುಮಾರು 250 ಗ್ರಾಂ ಹೋಗ್ತದೆ, ಲೆಕ್ಕ ಹಾಕಿದ್ರೆ ದಪ್ಪ 0.2 ಮಿಲಿಮೀಟರ್, ಅದರಲ್ಲೂ ನೇಯ್ಗೆ ತುಂಬ್ಲಿಕ್ಕೆ ಒಂದಷ್ಟು ಹೋಗ್ತದೆ. ಸ್ಯಾಂಡರ್ ಹಿಡಿದಾಗ ನಮಗೆ ಇರುವ ಬಂಡವಾಳ ಅಷ್ಟೇ ಅಂತ ನೆನಪಿದ್ರೆ ಅರ್ಧ ಕೆಲಸ ಸರಿಯಾದ ಹಾಗೆ. ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಕಲಸುದು, ಡಬ್ಬಿ ಮೇಲಿನ ರೇಶಿಯೋ ತೂಕದ್ದಾ ಅಳತೆಯದ್ದಾ ನೋಡಿಕೊಳ್ಳಿ, ಎರಡೂ ಒಂದೇ ಅಲ್ಲ. ಕಲಸಿದ್ದನ್ನು ಲೋಟದಲ್ಲೇ ಇಟ್ಟು ಮಾತಾಡ್ತಾ ನಿಂತ್ರೆ ಬಿಸಿಯಾಗಿ ಹೊಗೆ ಬರ್ತದೆ, ಕೂಡಲೇ ಬೋರ್ಡಿನ ಮೇಲೆ ಸುರಿದು ಹರಡಿ. ಸ್ಕ್ವೀಜಿಯಲ್ಲಿ ಹರಡಿ ಬ್ರಶ್ಶಿನಲ್ಲಿ ಮೊದಲು ಅಡ್ಡ, ಕೊನೆಗೆ ಉದ್ದಕ್ಕೆ ಒಂದು ಹಗುರ ಕೈ. ಮತ್ತೆ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದು ಅದೇ ಕೈಯಲ್ಲಿ ಬೋರ್ಡ್ ಸವರುವವರು ನಮ್ಮಲ್ಲಿ ಇದ್ದಾರೆ ಮಾರಾಯ್ರೆ, ಎಣ್ಣೆ ಸೋಕಿದ ಕಡೆ ರೆಸಿನ್ ನಿಲ್ಲುದಿಲ್ಲ, ದೂರ ಸರಿದು ಮೀನಿನ ಕಣ್ಣಿನಂಥ ಗುಂಡಿ ಬಿಡ್ತದೆ. ಗ್ಲವ್ಸ್ ಹಾಕಿ.

ಸ್ಯಾಂಡಿಂಗ್. ಬಹಳ ಜನ 60, 80 ನಂಬರಿನ ಪೇಪರಿನಿಂದ ಶುರು ಮಾಡ್ತಾರೆ, ನಾನು 120 (ನಂಬರ್ ದೊಡ್ಡದಾದ ಹಾಗೆ ಪೇಪರ್ ನಯ). ಮೊದಲು ಪೆನ್ಸಿಲಿನಲ್ಲಿ ಇಡೀ ಬೋರ್ಡಿನ ಮೇಲೆ ಅಂಕುಡೊಂಕು ಗೆರೆ, ಟ್ಯೂಬ್‌ಲೈಟನ್ನು ಬೋರ್ಡಿನ ಎತ್ತರಕ್ಕೇ ಪಕ್ಕದಲ್ಲಿ ಮಲಗಿಸಿ ಇಡುದು. ಉಬ್ಬಿದ ಜಾಗದಲ್ಲಿ ಗೆರೆ ಬೇಗ ಹೋಗ್ತದೆ, ತಗ್ಗಿನಲ್ಲಿ ಗೆರೆ ಹಾಗೇ ಉಳಿದು ರೆಸಿನ್ ಫಳಫಳ ಹೊಳೀತದೆ. ಆ ಹೊಳಪು ತೆಗೀಲಿಕ್ಕೆ ಅಂತ ಅಲ್ಲೇ ಒತ್ತಿ ಒತ್ತಿ ಉಜ್ಜುದು ಬೇಡ, ಸುತ್ತಲಿನ ಜಾಗದಲ್ಲಿ ಬಟ್ಟೆ ಹೊರಗೆ ಬರ್ತದೆ. ಬಟ್ಟೆ ಬಂತು ಅಂತ ಹೇಗೆ ಗೊತ್ತಾಗುದು? ಬಿಳಿ ಪುಡಿ ಒರೆಸಿದಾಗ ಸಣ್ಣ ಚೌಕಳಿ ಡಿಸೈನ್ ಕಾಣ್ತದೆ. ಕಂಡ ಕೂಡಲೇ ಅಲ್ಲಿ ನಿಲ್ಲಿಸಿ. ಕತ್ತರಿಸಿದ ಗ್ಲಾಸ್ ಎಳೆ ನೀರನ್ನು ಒಳಗೆ ಎಳೀತದೆ, ಥರ್ಮೋಕೋಲಿನ ಮಣಿಗಳ ನಡುವೆ ಹೋದ ನೀರು ತಿಂಗಳಾದ್ರೂ ಹೊರಗೆ ಬರುದಿಲ್ಲ. ತಗ್ಗು ಜಾಸ್ತಿ ಇದ್ರೆ ಇಡೀ ಬದಿಗೆ ಇನ್ನೊಂದು ತೆಳು ಕೋಟ್ ಕೊಡಿ, 100 ಗ್ರಾಂ ತೂಕ ಹೆಚ್ಚಾದ್ರೆ ಆಗ್ಲಿ.

ರೇಲಿಗೆ, ಅಂದ್ರೆ ಬೋರ್ಡಿನ ಪಕ್ಕದ ಅಂಚಿಗೆ, ಮೆಷಿನ್ ತಾಗಿಸುದೇ ಇಲ್ಲ. ಹಳೆ ಹವಾಯಿ ಚಪ್ಪಲಿಯ ಸೋಲ್ ಕತ್ತರಿಸಿ ಅದಕ್ಕೆ ಪೇಪರ್ ಸುತ್ತಿ ಕೈಯಲ್ಲೇ, ಉದ್ದಕ್ಕೆ. ಈ ಧೂಳು ಗ್ಲಾಸ್, ಮಾಸ್ಕ್ ಇಲ್ಲದೆ ಬೇಡ, ತುಂಬು ತೋಳಿನ ಅಂಗಿ, ಮುಗಿದ ಮೇಲೆ ತಣ್ಣೀರಲ್ಲಿ ಸ್ನಾನ. ಮೊದಲೇ ಬಿಸಿನೀರು ಹೊಯ್ದುಕೊಂಡ್ರೆ ರಾತ್ರಿಯಿಡೀ ತುರಿಕೆ.

120 ಆದ ಮೇಲೆ 220. ಡೆಕ್ ಅಲ್ಲಿಗೇ ನಿಲ್ಲಿಸ್ತೇನೆ, ಹೇಗೂ ಮೇಲೆ ಕಾಲು ಜಾರದ ಹಾಗೆ ವ್ಯಾಕ್ಸ್ ಮೆತ್ತುದು, ಅದರ ಅಡಿ ಹೊಳಪು ಯಾರು ನೋಡ್ತಾರೆ? ಅಡಿಭಾಗಕ್ಕೆ 320, ನಂತರ 400 ನೀರು ಹಾಕಿ, ನೀರಿಗೆ ಒಂದು ಹನಿ ಪಾತ್ರೆ ಸೋಪು. ಸಾವಿರ ನಂಬರಿಗೆ ಹೋಗಿ ಕಾರ್ ಪಾಲಿಶ್ ಹಾಕಿದವರ ಬೋರ್ಡ್ ಸಸಿಹಿತ್ಲು ಬೀಚಿನಲ್ಲಿ ನಾನು ಓಡಿಸಿದ್ದೇನೆ, ಫೋಟೋದಲ್ಲಿ ಚಂದ, ಅಲೆಯ ಮೇಲೆ ನನಗೆ ಯಾವ ವ್ಯತ್ಯಾಸವೂ ಗೊತ್ತಾಗ್ಲಿಲ್ಲ. ನೀರು ಹಾಕಿ ಉಜ್ಜುವ ಮೊದಲು ಒಂದು ಪರೀಕ್ಷೆ: ಬೋರ್ಡನ್ನು ತಂಪು ಕೋಣೆಯಿಂದ ಬಿಸಿಲಿಗೆ ತಂದು ಸೋಪಿನ ನೀರು ಸವರಿ ಹತ್ತು ನಿಮಿಷ ನೋಡ್ತಾ ಕೂರುದು. ಎಲ್ಲಿ ಸಣ್ಣ ಗುಳ್ಳೆಯ ಸಾಲು ಏಳ್ತದೋ ಅಲ್ಲಿ ತೂತು ಉಂಟು. ಪೆನ್ಸಿಲಿನಲ್ಲಿ ಸುತ್ತು ಹಾಕಿ, ಒಣಗಿಸಿ, ಬೋರ್ಡ್ ತಣ್ಣಗಾಗುವ ಹೊತ್ತಿಗೆ ಹಲ್ಲುಕಡ್ಡಿಯಲ್ಲಿ ಎಪಾಕ್ಸಿ ಬಿಡಿ, ಅದೇ ಒಳಗೆ ಎಳೆದುಕೊಳ್ತದೆ.

ಎಪಾಕ್ಸಿ ಬಿಸಿಲಿಗೆ ಹಳದಿಯಾಗ್ತದೆ, ಆಮೇಲೆ ಮೇಲ್ಮೈ ಪುಡಿ ಏಳ್ಲಿಕ್ಕೆ ಶುರು. ಅದಕ್ಕೆ ಒಂದು ವಾರ ಬಿಟ್ಟು ಕಾರಿಗೆ ಹೊಡೆಯುವ 2ಕೆ ಪಿಯು ಕ್ಲಿಯರ್ (ಹಾರ್ಡನರ್ ಬೆರೆಸುವ ಪಾರದರ್ಶಕ ಪಾಲಿಯುರೆಥೇನ್ ಕೋಟ್) ಹೊಡೆಸ್ತೇನೆ, ಪೇಂಟಿಂಗ್ ಗ್ಯಾರೇಜಿನಲ್ಲೇ. ಅದರ ಹಾರ್ಡನರಿನಲ್ಲಿ ಐಸೋಸೈನೇಟ್ ಉಂಟು, ಶ್ವಾಸಕೋಶಕ್ಕೆ ಕೆಟ್ಟದ್ದು, ಮುಖಕ್ಕೆ ಕರ್ಚೀಫು ಕಟ್ಟಿದ್ರೆ ಆಗುದಿಲ್ಲ, ಧೂಳಿನ ಮಾಸ್ಕ್ ಸಹ ತಡೆಯುದಿಲ್ಲ, ಮನೆಯಲ್ಲಿ ಸ್ಪ್ರೇ ಮಾಡುವ ಯೋಚನೆ ಬಿಡಿ. ಗ್ಯಾರೇಜಿನವರಿಗೆ ಒಂದೇ ಮಾತು ಹೇಳಿಡಿ: ಅಣ್ಣ, ಸಿಲಿಕಾನ್ ಪಾಲಿಶ್ ಮುಟ್ಟಿದ ಬಟ್ಟೆಯಲ್ಲಿ ಇದನ್ನು ಒರೆಸ್ಬೇಡಿ. ಬಣ್ಣ ಬೇಕಾದ್ರೆ ಬಿಳಿ ಅಥವಾ ತೀರ ತಿಳಿ. ಕೋಣೆಯ ಬಿಸಿಗೇ ಗಟ್ಟಿಯಾದ ಎಪಾಕ್ಸಿ 50-60 ಡಿಗ್ರಿಗೆ ಮೆತ್ತಗಾಗ್ಲಿಕ್ಕೆ ಶುರು ಮಾಡ್ತದೆ, ಏಪ್ರಿಲ್ ಬಿಸಿಲಲ್ಲಿ ಕಪ್ಪು ಬೋರ್ಡ್ ಮರಳ ಮೇಲೆ ಬಿಟ್ರೆ ಅಷ್ಟಾಗ್ಲಿಕ್ಕೆ ಹೊತ್ತು ಬೇಡ, ಡೆಕ್ ಉಬ್ಬಿ ಬಟ್ಟೆ ಬಿಟ್ಟು ಬರ್ತದೆ.